ದುಂಡಪ್ಪಕಾಕಾ ಆಡದ ಮಾತು

ಮುಚ್ಚಿದ ಬಾಗಿಲನ್ನು ದುಂಡಪ್ಪಕಾಕಾ ಎಂದೂ ತಟಕ್ಕನೆ ತೆಗೆದವರಲ್ಲ. ಮೊದಲು ಕೈಯ ಹಿಂಬದಿಯನ್ನು ಬಾಗಿಲಿಗೆ ತಾಗಿಸುತ್ತಿದ್ದರು, ಜ್ವರ ಬಂದ ಕೂಸಿನ ಹಣೆ ಮುಟ್ಟಿ ನೋಡುವ ಹಾಗೆ. ಆಮೇಲೆಯೇ ಒಳಗೆ ಕಾಲಿಡುವುದು. ನಮ್ಮ ಮನೆಯ ಬಚ್ಚಲ ಬಾಗಿಲಿಗೂ ಅಷ್ಟೇ, ಬ್ಯಾಂಕಿನ ಬಾಗಿಲಿಗೂ ಅಷ್ಟೇ. ನಮ್ಮಪ್ಪ ಒಮ್ಮೆ, "ಬಾಗಲಕ್ಕ ಮೈಯಾಗ ಆರಾಮ ಇಲ್ಲೇನ್ರೀ ಸಾಹೇಬ್ರ?" ಎಂದು ಚಾಷ್ಟಿ ಮಾಡಿದ. ಅವರು ನಗಲಿಲ್ಲ. "ಇವತ್ತ ಆರಾಮ ಐತ್ರಿ" ಎಂದು ಒಳಗೆ ಬಂದರು.

ಮಹಾರಾಷ್ಟ್ರದ ಒಂದು ಮಗ್ಗದ ಊರಿನ ಅಗ್ನಿಶಾಮಕ ದಳದಲ್ಲಿ ಆಯುಷ್ಯ ಸವೆಸಿ ನಿವೃತ್ತರಾದವರು ಅವರು. ಹುಟ್ಟಿದ ಹಳ್ಳಿ ಬೀಳಗಿ ತಾಲೂಕಿನದು. ಆಲಮಟ್ಟಿಯ ಹಿನ್ನೀರಿನಲ್ಲಿ ಅದು ಮುಳುಗಿತ್ತು. ತಿರುಗಿ ಹೋಗಲು ಊರಿಲ್ಲದ ಮನುಷ್ಯ, ಎಲ್ಲಾದರೂ ಇರಬೇಕಲ್ಲ ಎಂದು ಬನಹಟ್ಟಿಗೆ ಬಂದಿದ್ದಾರೆ ಎಂದೇ ನಾವೆಲ್ಲ ತಿಳಿದಿದ್ದೆವು. ನಮ್ಮ ಓಣಿಯಲ್ಲೇ ಒಂದು ಖೋಲಿ ಹಿಡಿದು ಒಬ್ಬರೇ ಇದ್ದರು. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ.

ಅಗ್ನಿಶಾಮಕ ನೌಕರಿಗೆ ಅರ್ಜಿ ಹಾಕಿದ ಹುಡುಗರಿಬ್ಬರು ಅವರನ್ನು ಹುಡುಕಿಕೊಂಡು ಬಂದರು. ಅಲ್ಲಿಂದ ಸುದ್ದಿ ಹಬ್ಬಿ ತೇರದಾಳ, ಮಹಾಲಿಂಗಪುರದ ಹುಡುಗರೂ ಸೇರಿದರು. ಬಂದ್ ಬಿದ್ದಿದ್ದ ಒಂದು ಮಗ್ಗದ ಶೆಡ್ಡಿನ ಹಿಂದಿನ ಬಯಲಲ್ಲಿ ದಿನಾ ಮುಂಜಾನೆ ತಾಲೀಮು. ಶೆಡ್ಡಿನ ಗೋಡೆಯ ಮೇಲೆ ಕಾಕಾ ಇದ್ದಲಿಯಿಂದ ಗೆರೆ ಎಳೆದಿದ್ದರು, ಒಂದು ಕರ್ನಾಟಕಕ್ಕೆ ಬೇಕಾದ ಎತ್ತರ, ಇನ್ನೊಂದು ಮಹಾರಾಷ್ಟ್ರದ್ದು. ಬಂದವನನ್ನು ಮೊದಲು ಅಲ್ಲಿ ನಿಲ್ಲಿಸಿ, "ನೀ ಯಾ ರಾಜ್ಯಕ್ಕ ಸಾಲ್ತಿ ನೋಡೂಣು" ಎನ್ನುತ್ತಿದ್ದರು.

ಎರಡು ಕಡೆಯ ಕಾನೂನೂ ಅವರಿಗೆ ಬಾಯಿಪಾಠ. "ನಮ್ಮ ಕಡೆ ಮೊದಲ ನೌಕರಿಗೆ ತಗೋತಾರ, ಆಮ್ಯಾಲ ಕಲಸ್ತಾರ. ಆ ಕಡೆ ಮೊದಲ ಕಲತು ಸರ್ಟಿಫಿಕೇಟ್ ತಗೊಂಡ ಬಾ, ಆಮ್ಯಾಲ ನೋಡೂಣು ಅಂತಾರ. ಮರಾಠಿ ಓದಾಕ ಬರೆಯಾಕ ಬರಬೇಕು, ಅಲ್ಲಿಯವ ಅನ್ನೂದಕ್ಕ ದಾಖಲಾ ಬೇಕು. ಬೆಂಕಿ ಮಾತ್ರ ಏನೂ ಕೇಳೂದಿಲ್ಲ ನೋಡ್ರಿ."

ಹುಡುಗರು ಮರಳು ತುಂಬಿದ ಚೀಲ ಹೊತ್ತು ಓಡುತ್ತಿದ್ದರು. ಕಾಕಾ ಅದನ್ನು ಕೆಳಗೆ ಹಾಕಿಸಿ, ಒಬ್ಬರನ್ನೊಬ್ಬರು ಹೊರಲು ಹೇಳಿದರು. "ಚೀಲ ಅಂಜೂದಿಲ್ಲ, ಮನಷ್ಯಾ ಅಂಜತಾನ. ಅಂಜಿದ ಮನಷ್ಯಾನ ತೂಕನ ಬ್ಯಾರೆ."

ನಾನು ಕಾಲೇಜಿನಲ್ಲಿ ಓಟದಲ್ಲಿ ಮುಂದಿದ್ದೆ. ಒಂದು ದಿನ ಬೂಟು ಕಟ್ಟಿಕೊಂಡು ಹೋಗಿ ಆ ಗೋಡೆಗೆ ಬೆನ್ನು ಹಚ್ಚಿ ನಿಂತೆ. ಹುಡುಗರು ಕಿಸಕ್ಕನೆ ನಕ್ಕರು. ಕಾಕಾ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಗೆರೆ ನೋಡಿದರು.

"ನಮ್ಮ ಕಡೆ ಇನ್ನೂ ಹೆಣ್ಣಮಕ್ಕಳನ್ನ ತಗೊಳ್ಳವೊಲ್ಲರು, ಸುಜಾತಾ. ಜಾಹೀರಾತಿನ್ಯಾಗ ಗಂಡಸರು ಮಾತ್ರ ಅಂತ ಬರದಿರತಾರ."

"ಗೊತ್ತೈತ್ರಿ ಕಾಕಾ. ಕಲೀತೀನಿ, ಅಷ್ಟ."

ಅವರು ಕೇಳಿದರು: "ನೀ ಹುಟ್ಟಿದ್ದೆಲ್ಲಿ?"

"ಅವ್ವನ ತವರಮನ್ಯಾಗ್ರಿ. ಜತ್ತ ಕಡೆ."

"ಅಂದ್ರ ಮಹಾರಾಷ್ಟ್ರದಾಗ!" ಆ ಮುಖದಲ್ಲಿ ನಗು ಕಂಡದ್ದು ನನಗೆ ಅದೇ ಮೊದಲು. "ಅಲ್ಲಿ ಕೆಲವು ಶಹರದಾಗ ಹೆಣ್ಣಮಕ್ಕಳನ್ನ ತಗೊಳ್ಳಾಕ ಸುರು ಮಾಡ್ಯಾರ. ನಾಳಿಂದ ಮರಾಠಿ ಪೇಪರ್ ಓದಬೇ ತಂಗಿ."

ಚಿಕ್ಕಪಡಸಲಗಿಯ ಬ್ಯಾರೇಜಿನ ನೀರಿನಲ್ಲಿ ನನಗೆ ಈಜು ಕಲಿಸಿದವರು ಅವರೇ. ಅವ್ವ ದಂಡೆಯ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿರುತ್ತಿದ್ದಳು. ಬೇಡ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ಹೊಗೆಯ ತಾಲೀಮು ಶೆಡ್ಡಿನ ಒಳಗೆ ನಡೆಯುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಬಿಡದೆ ತೆವಳುತ್ತ, ಮೂಲೆಯಲ್ಲಿ ಅಡಗಿದವನನ್ನು ದನಿಯ ಮೇಲೆ ಪತ್ತೆ ಹಚ್ಚಿ ಎಳೆದು ತರಬೇಕು. ಆವತ್ತು ನನ್ನ ಸರದಿ. ಅಡಗಿದ್ದ ಹುಡುಗ "ಇಲ್ಲೇ ಅದೇನಿ" ಎಂದು ಕೂಗಿದ. ನಾನು ಓಗೊಟ್ಟೆ: "ಅಲ್ಲೇ ಇರು, ಬಂದೆ!"

"ಹಂಗನಬ್ಯಾಡಾ!"

ಕಾಕಾರ ಗಂಟಲಿನಿಂದ ಅಂಥ ದನಿ ಬರಬಹುದೆಂದು ನನಗೆ ಗೊತ್ತಿರಲಿಲ್ಲ. ಕಣ್ಣಿನ ಬಟ್ಟೆ ಕಿತ್ತು ನೋಡಿದರೆ ಅವರು ಗೋಡೆ ಹಿಡಿದು ನಿಂತಿದ್ದರು. ಹುಡುಗರನ್ನೆಲ್ಲ ಮನೆಗೆ ಕಳಿಸಿದರು. ನಾನು ನೀರು ತಂದುಕೊಟ್ಟೆ. ಕುಡಿದು, ನೆಲ ನೋಡುತ್ತ ಹೇಳಿದರು.

ಅವರು ನೌಕರಿಯಲ್ಲಿದ್ದಾಗ ಆ ಊರಿನ ಒಂದು ಮಗ್ಗದ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ನೂಲಿನ ಗಂಟುಗಳಿದ್ದ ಖೋಲಿಯ ಸರಳಿನ ಕಿಟಕಿಯಿಂದ ಹೊಗೆ ಸುರಿಯುತ್ತಿತ್ತು, ಅದರ ಒಳಗಿನಿಂದ ಒಬ್ಬ ಹೆಣ್ಣುಮಗಳ ಕೂಗು. ದಳದ ಮಿಕ್ಕವರಿಗೆ ಅರ್ಥವಾಗಲಿಲ್ಲ. ಅದು ಕನ್ನಡ.

"ಯಾರರ ಅದೀರೇನ್ರೀ ಅಂದ್ಲು. ಅದೇವಿ ಯವ್ವಾ, ಕೆಳಗ ಮಕಾ ಮಾಡಿ ಕುಂಡ್ರು, ಅಲ್ಲೇ ಇರು, ಬಂದೆ ಅಂದೆ. ನಿಮ್ಮದ್ಯಾವೂರ್ರೀ ಅಂತ ಕೇಳಿದ್ಲು. ಬೀಳಗಿ ಕಡಿ ಅಂದೆ. ನಾ ಬನಹಟ್ಟಿಯಾಕಿ ಅಂದ್ಲು. ಸರಳ ಕೊಯ್ಯಾಕತ್ತಿದ್ವಿ. ಬಂದೆ ಯವ್ವಾ, ಬಂದೆ, ಇದಽ ಬಂದೆ. ಎಷ್ಟ ಸಲ ಅಂದ್ನೋ. ಕೊನಿ ಸರಳ ಇತ್ತು, ಮ್ಯಾಲಿನ ತಗಡ ಕುಸಿದು ಬಿತ್ತು."

ಆಮೇಲೆ ತಿಳಿಯಿತಂತೆ, ಖೋಲಿಯ ಹಿಂಬದಿಗೆ ಇನ್ನೊಂದು ಸಣ್ಣ ಬಾಗಿಲಿತ್ತು. ಜೊತೆಯ ಕೆಲಸದವಳೊಬ್ಬಳು ಅದರಿಂದ ಪಾರಾಗಿದ್ದಳು.

"ಅಲ್ಲೇ ಇರು ಅಂತ ನಾ ಹೇಳಿದ್ನಿ. ಆಕಿ ಇದ್ಲು."

ಸಿಕ್ಕಿಬಿದ್ದವರಿಗೆ ಹಾಗೆ ಹೇಳುವುದೇ ಸರಿ ಎಂದು ಮುಂದೆ ನನ್ನ ತರಬೇತಿಯಲ್ಲೂ ಕಲಿಸಿದರು. ಆಗ ದಳದ ಮೇಲಿನ ಸಾಹೇಬರೂ ಕಾಕಾರಿಗೆ ಹಾಗೇ ಹೇಳಿದ್ದರಂತೆ. ಅದರಿಂದ ಅವರ ಮನಸ್ಸು ಹಗುರಾಗಲಿಲ್ಲ. ಚಹಾಕ್ಕೆ ಕರೆದರೂ ಕಾಕಾ "ಬಂದೆ" ಅನ್ನುತ್ತಿರಲಿಲ್ಲ. ಸುಮ್ಮನೆ ಎದ್ದು ಬಂದು ಎದುರಿಗೆ ನಿಲ್ಲುತ್ತಿದ್ದರು. ಮಗ್ಗಗಳು ನಿಂತ ಹೊತ್ತಿನಲ್ಲಿ, ಓಣಿ ಒಮ್ಮೆಲೇ ಮೌನವಾದಾಗ, ತಲೆ ಎತ್ತಿ ಏನನ್ನೋ ಆಲಿಸುವುದನ್ನು ನಾನೇ ನೋಡಿದ್ದೇನೆ. ಯಾಕೆ ಎಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬನಹಟ್ಟಿಗೇ ಯಾಕೆ ಬಂದರು ಎಂಬುದೂ ಆವತ್ತು ತಿಳಿಯಿತು. ಅವಳ ಹೆಸರು ಕಸ್ತೂರಿ. ತಾಯಿ ಗಂಗವ್ವ ನಮ್ಮ ಮುಂದಿನ ಓಣಿಯಲ್ಲೇ ಇದ್ದಳು. ಕಾಕಾ ದಿನಾ ಆ ಮನೆಯ ಮುಂದೆ ಹಾಯುತ್ತಿದ್ದರು. ಮಾತಾಡಿಸಿರಲಿಲ್ಲ.

ನಾನು ಮಹಾರಾಷ್ಟ್ರಕ್ಕೆ ಹೋದೆ. ಕೋರ್ಸು ಮುಗಿಸಿದೆ. ಎರಡು ಶಹರಗಳಲ್ಲಿ ಆಗಲಿಲ್ಲ, ಮೂರನೆಯದರಲ್ಲಿ ನೌಕರಿ ಸಿಕ್ಕಿತು. ಮೊದಲ ರಜೆಗೆ ಬಂದಾಗ ಕಾಕಾ ಬಹಳ ಸೊರಗಿದ್ದರು. ಹೊಗೆ ಕುಡಿದ ಪುಪ್ಪುಸ, ಜಮಖಂಡಿಯ ಡಾಕ್ಟರು ಕೈಚೆಲ್ಲಿದ್ದರು. ನಾಲ್ಕು ಹೆಜ್ಜೆ ನಡೆದರೆ ತೇಕು.

"ನನ್ನ ಜೋಡಿ ಒಂದ ಮನಿಗೆ ಬರ್ತೀಯೇನಬೇ?" ಎಂದರು. ಯಾವ ಮನೆ ಎಂದು ನಾನು ಕೇಳಲಿಲ್ಲ.

ಗಂಗವ್ವ ಪಡಸಾಲೆಯಲ್ಲಿ ಕಂಡಿಕಿಗೆ ನೂಲು ಸುತ್ತುತ್ತ ಕೂತಿದ್ದಳು. ಕಾಕಾ ಕಂಬಕ್ಕೆ ಒರಗಿ ಕೂತು, ತಾವು ಯಾರು ಎಂದು ಹೇಳಿ, ನಡೆದದ್ದನ್ನೆಲ್ಲ ಹೇಳಿದರು. ಹಿಂದಿನ ಬಾಗಿಲಿನದನ್ನೂ ಮುಚ್ಚಿಡಲಿಲ್ಲ. ಮುದುಕಿಯ ಕೈ ಎಲ್ಲಿತ್ತೋ ಅಲ್ಲೇ ನಿಂತಿತ್ತು. ಆಮೇಲೆ ಕೇಳಿದಳು.

"ಆಕಿ ಒಬ್ಬಾಕೀನ ಇದ್ದಿಲ್ಲಲ್ಲಾ ಹಂಗಾರ? ನೀ ಮಾತಾಡಸ್ಕೋತ ಇದ್ದಿ?"

"ಇದ್ನ್ಯವ್ವಾ. ಕಡೀತನಕಾ."

"ಕಡೀಕ ಏನಂದ್ಲು?"

ಕಾಕಾ ನನ್ನ ಮುಖ ನೋಡಿದರು. ಇದನ್ನು ನನಗೂ ಹೇಳಿರಲಿಲ್ಲ. "ನಮ್ಮವ್ವಗ ಹೇಳಬ್ಯಾಡ್ರಿ, ಅಂಜತಾಳ, ಅಂದ್ಲು. ಅದಕ್ಕ ಇಷ್ಟ ವರ್ಷ ನಾ ನಿಮ್ಮ ಹೊಸ್ತಿಲಾ ತುಳೀಲಿಲ್ಲ."

ಗಂಗವ್ವ ನಕ್ಕಳು. ನಗುತ್ತಲೇ ಸೆರಗು ಕಣ್ಣಿಗೆ ಹೋಯಿತು. "ಸಣ್ಣಾಕಿದ್ದಾಗಿಂದ ಹಂಗ ಅದು. ಮೊಣಕಾಲ ಒಡಕೊಂಡ ಬಂದ್ರೂ ಓಣ್ಯಾಗಿನವರಿಗೆಲ್ಲಾ ಅವ್ವಗ ಹೇಳಬ್ಯಾಡ್ರಿ ಅಂತಿತ್ತು. ಖರೇನ ನೀ ನನ್ನ ಮಗಳ ಜೋಡೀನ ಮಾತಾಡೀಯಪಾ." ಆಮೇಲೆ ಕಾಕಾರ ಹತ್ತಿರ ಸರಿದು ಕೂತಳು. "ಮತ್ತೊಮ್ಮೆ ಹೇಳು. ಮೊದಲಿಂದ."

ಅವರು ಮೊದಲಿನಿಂದ ಹೇಳಿದರು.

ನಾನು ಕಾಕಾರನ್ನು ನೋಡಿದ್ದು ಅದೇ ಕೊನೆ. ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಡ್ಯೂಟಿಯ ಮೇಲಿದ್ದೆ, ಮಣ್ಣಿಗೆ ಬರಲಾಗಲಿಲ್ಲ. ಉಸಿರು ಸಾಲದಿದ್ದರೂ ಅವರು ಕಡೆಯವರೆಗೆ ಆ ಮನೆಗೆ ಹೋಗುತ್ತಿದ್ದರು, ಹೋದಾಗಲೆಲ್ಲ ಮುದುಕಿ ಅದನ್ನೇ ಹೇಳಿಸುತ್ತಿದ್ದಳು ಎಂದು ಅವ್ವ ಹೇಳಿದಳು.

ಮುಂದಿನ ರಜೆಯಲ್ಲಿ ಗಂಗವ್ವನಿಂದ ಕರೆ ಬಂತು. ಹೋದೆ. ಅವಳು ನನ್ನ ಮೊಣಕೈ ಹಿಡಿದು ಚಾಪೆಯ ಮೇಲೆ ಕೂಡಿಸಿಕೊಂಡಳು. ಚಹಾ ಬೇಕೇನು ಎಂದೂ ಕೇಳಲಿಲ್ಲ.

"ಅವಾ ಹೋದ. ನೀ ಕೇಳಿಯಲ್ಲಾ? ನೀ ಹೇಳಬೇ."

ಒಳಗೆ ಮಗ್ಗ ನಡೆದಿತ್ತು. ಮೊಮ್ಮಗನನ್ನು ಕೂಗಿ ಅದನ್ನು ನಿಲ್ಲಿಸಿದಳು. ಮನೆಯೆಲ್ಲ ನಿಶ್ಶಬ್ದವಾಯಿತು. ನಾನು ಎಂದೂ ನೋಡದ ಒಬ್ಬ ಹೆಣ್ಣುಮಗಳ ಮಾತನ್ನು ಬಾಯಿಗೆ ತಂದುಕೊಂಡು ಸುರು ಮಾಡಿದೆ: "ಯಾರರ ಅದೀರೇನ್ರೀ..."

ಗಂಗವ್ವ ಕಣ್ಣು ಮುಚ್ಚಿ, "ಹೂಂ ಯವ್ವಾ" ಎಂದಳು. ನನಗಲ್ಲ.