ಒಡಪಿಗೆ ಬಂದ ಸೈಕಾಲಜಿ

ಹೊಸ್ತಿಲ ಮೇಲೆ ಸೇರು ಅಕ್ಕಿ. ಆಚೆ, ಬಾಗಿಲಿಗೆ ಅಡ್ಡಲಾಗಿ ಮದುಮಗನ ಸೋದರತ್ತೆ ಗಂಗಮ್ಮ. ಈಚೆ ನನ್ನ ತಮ್ಮನ ಮಗಳು ಕಾವ್ಯ, ಆ ಮನೆಯ ಹೊಸ ಸೊಸೆ.

"ಗಂಡನ ಹೆಸರು ಒಡಪು ಕಟ್ಟಿ ಹೇಳವಾ. ಬರಲಿಲ್ಲಂದ್ರ ಇಲ್ಲೇ ನಿಂದ್ರು," ಅಂದರು ಗಂಗಮ್ಮ.

ಇದು ಕಳೆದ ವಾರ ದೇಶನೂರಿನಲ್ಲಿ ನಡೆದದ್ದು. ಒಡಪು ಗೊತ್ತಲ್ಲ? ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಹೆಣೆದರೇ ಮನೆಯೊಳಗೆ ಎಂಟ್ರಿ. ನಿಶ್ಚಿತಾರ್ಥದ ದಿನ ನಾನು ಇದೇ ಗಂಗಮ್ಮನ ಮುಂದೆ, "ನಮ್ಮ ಮನಿ ಹೆಣ್ಣುಮಕ್ಕಳು ತೊಟ್ಟಿಲದಾಗ ಒಡಪು ಕಲೀತಾರ್ರಿ" ಎಂದು ಬೊಗಳೆ ಬಿಟ್ಟಿದ್ದೆ. (ಬಿಡದೆ ಇರಲು ನನಗೆ ಬರುವುದಿಲ್ಲ.) ಸಿಟಿಯ ಗಾಂಧಿನಗರದಲ್ಲಿ ಬೆಳೆದ ನಮ್ಮ ಹುಡುಗಿಗೋ ಒಂದೇ ಒಂದು ಒಡಪೂ ಬರುತ್ತಿರಲಿಲ್ಲ. ಸೋತರೆ ಬೀಗರ ಮನೆಯಲ್ಲಿ ವರ್ಷವಿಡೀ ಅವಳನ್ನು ಆಡಿಕೊಳ್ಳುತ್ತಾರೆ. ನನ್ನ ಮಾನದ ಕಥೆ ಕೇಳಲೇಬೇಡಿ.

ಬರುವಾಗ ಕಾರಿನಲ್ಲಿ ಅವಳ ಮುಖ ಬಾಡಿತ್ತು.

"ಲೇ ಕಾವ್ಯಾ, ನಿನಗ ಬಾಯಿಪಾಠ ಏನ್ ಬರ್ತೈತಿ?"

"ಬಿಎಸ್ಸಿ ಓದಿದಾಗಿನ ಲಜಿಗಳು, ದೊಡ್ಡಪ್ಪ. ಬಯಾಲಜಿ, ಜಿಯಾಲಜಿ..."

"ಎಲ್ಲಾದಕ್ಕೂ ಕಡೀಗೆ ಒಂದೇ ಸದ್ದು ಐತಲ್ಲ. ಒಡಪಿಗೆ ಇನ್ನೇನ್ ಬೇಕು?"

ದಾರಿಯಲ್ಲಿ ಸಿರುಗುಪ್ಪ ಬರುವಷ್ಟರಲ್ಲಿ ಸರಕು ರೆಡಿ.

ಈಗ ಹೊಸ್ತಿಲಲ್ಲಿ ಕಾವ್ಯ ಗಂಟಲು ಸರಿಮಾಡಿಕೊಂಡಳು.

"ನೆಲದ ಗುಟ್ಟು ತಿಳಿಯಾಕ ಜಿಯಾಲಜಿ, ಎದಿ ಗುಟ್ಟು ತಿಳಿಯಾಕ ಕಾರ್ಡಿಯಾಲಜಿ, ನಮ್ಮ ಬಸವರಾಜರ ಮನಸು ತಿಳಿಯಾಕ ಸಾಲದು ಸೈಕಾಲಜಿ."

ಓಣಿಗೆ ಓಣಿಯೇ ಹೋ ಎಂದಿತು. ಗಂಗಮ್ಮ ಮಾತ್ರ ಅಲುಗಲಿಲ್ಲ.

"ಚಲೋ ಐತಿ. ಅರ್ಥ ಗೊತ್ತೈತೋ, ಬರೇ ಗಿಳಿಪಾಠಾನೋ?"

"ಜಿಯಾಲಜಿ ಭೂಮಿ ಓದು, ಕಾರ್ಡಿಯಾಲಜಿ ಹೃದಯದ್ದು, ಸೈಕಾಲಜಿ ಮನಸಿಂದು. ಲಜಿ ಬಂತಂದ್ರ ಅದರ ಓದು ಅಂತ ರೀ, ಅತ್ತಿ."

"ಹಂಗಾರ ಈ ಅತ್ತಿನ್ನ ಓದಾಕ ಯಾವ ಲಜಿ?"

ಇದು ನಮ್ಮ ಸಿಲಬಸ್ಸಿನಲ್ಲಿ ಇರಲಿಲ್ಲ. ನಾನು ಟವೆಲಿನಿಂದ ಬೆವರು ಒರೆಸಿಕೊಂಡೆ. ಕಾವ್ಯ ನನ್ನ ಕಡೆ ನೋಡಲೂ ಇಲ್ಲ.

"ಅದನ್ನ ಕಾಲೇಜಿನಾಗ ಕಲಿಸಂಗಿಲ್ರಿ. ಬಾಗಿಲು ಬಿಟ್ರ ಒಳಗ ಬಂದು ನಿಮ್ಮ ಕಡೇನ ಕಲೀತೀನಿ."

ಗಂಗಮ್ಮ ನಕ್ಕೇಬಿಟ್ಟರು. ಪಕ್ಕಕ್ಕೆ ಸರಿದರು. ಕಾವ್ಯ ಸೇರು ಒದ್ದು ಒಳಗೆ ನಡೆದಳು. ಆ ಕೊನೆಯ ಮಾತು ನಾನು ಕಲಿಸಿದ್ದಲ್ಲ. ಮೀಸೆ ತಿರುವಿದ್ದು ಮಾತ್ರ ನಾನೇ. (ಕೋಚ್ ಅಂದಮೇಲೆ ಅಷ್ಟೂ ಹಕ್ಕಿಲ್ಲವೇ?)

ಊಟದ ಹೊತ್ತಿಗೆ ಗಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದು, "ಬೀಗರ, ನಮ್ಮನಿಯವರ ಹೆಸರಿಗೂ ಒಂದು ಲಜಿ ಜೋಡಿಸಿ ಕೊಡ್ರಿ" ಅಂದರು. ದನಿ ತಗ್ಗಿತ್ತು. ಕೆನ್ನೆ ಕೆಂಪಗಾಗಿತ್ತು.

ಇಂಗ್ಲಿಷ್ ಬಂತು, ಒಡಪು ಹೋಯಿತು ಎಂದು ಗೊಣಗುವವರೇ, ಈಗೇನಂತೀರಿ?