ದೊರೆಯ ಇಳಿಯದ ಬೀಜ

ಮೂವತ್ತು ವರ್ಷದಿಂದ ಅಂಗಡಿ ನಡೆಸುತ್ತಿದ್ದ ದರ್ಜಿ ಒಂದು ಬಟ್ಟೆಯನ್ನೂ ಹೇಳಿದ ದಿನ ಕೊಟ್ಟವನಲ್ಲ. "ಗುಂಡಿ ಒಂದು ಬಾಕಿ, ಬರೋ ವಾರ ಬನ್ನಿ" ಎನ್ನುವುದು ಅವನಿಗೆ ಬಾಯಿಪಾಠ. ಸೋಮಾರಿತನವಲ್ಲ, ಸುಸ್ತು. ಸಂಜೆಯಾದರೆ ಸೂಜಿಯ ಕಣ್ಣು ಎಲ್ಲಿದೆ ಎಂದು ಸೂಜಿಯನ್ನೇ ಕೇಳಬೇಕಾದ ಸ್ಥಿತಿ.

ಅವನ ಮೇಜಿನಡಿ, ಚಿಂದಿಯ ರಾಶಿಯ ಮೇಲೆ ಮಲಗುವ ದೊಡ್ಡ ಗಂಡು ನಾಯಿಯೇ ದೊರೆ. ಅದು ಐದು ತಿಂಗಳ ಮರಿಯಾಗಿದ್ದಾಗ ಪಶುವೈದ್ಯೆ ತಡವಿ ನೋಡಿ ಹೇಳಿದ್ದರು: "ಒಂದು ಬೀಜ ಚೀಲಕ್ಕೆ ಇಳಿದಿದೆ, ಇನ್ನೊಂದು ಹೊಟ್ಟೆ ಒಳಗೇ ಉಳಿದಿದೆ. ಆರು ತಿಂಗಳು ದಾಟಿದ್ರೆ ಇಳಿಯೋದು ಅಪರೂಪ. ದೊಡ್ಡ ಜಾತಿ, ಮೂಳೆ ಬಲೀಲಿ. ಒಂದು ವರ್ಷ ಆಗ್ತಿದ್ದ ಹಾಗೆ ಎರಡನ್ನೂ ತೆಗೆದುಬಿಡೋಣ. ಒಳಗಿನ ಕಾವಿಗೆ ಅದು ಮುಂದೆ ಗಡ್ಡೆ ಆಗಬಹುದು."

ಮುಂದೂಡಲು ಇಷ್ಟು ಗಟ್ಟಿ ನೆಪ ದರ್ಜಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಪ್ರತಿ ಭಾನುವಾರ ದೊರೆಯನ್ನು ಅಂಗಾತ ಮಲಗಿಸಿ, ಇಳಿಯಿತೇ ಎಂದು ತಡಕುವನು. ದೊರೆ ಕಾಲು ಚಾಚಿ, ಸೇವೆ ನಡೆಯಲಿ ಎಂಬಂತೆ ಆಕಳಿಸುವುದು. ಹತ್ತನೆಯ ತಿಂಗಳಲ್ಲಿ ತೊಡೆಸಂದಿಯಲ್ಲಿ ಏನೋ ದುಂಡಗೆ ಬೆರಳಿಗೆ ಸಿಕ್ಕಿತು.

"ಇಳೀತಾ ಇದೆ ಕಣೇ," ಎಂದ ಹೆಂಡತಿಗೆ.

"ಡಾಕ್ಟರಿಗೆ ತೋರಿಸಿ."

"ಯಾಕೆ? ಮುಟ್ಟಿದ್ರೆ ರೇಷ್ಮೆನೋ ನೈಲಾನೋ ಹೇಳೋ ಬೆರಳು ಇದು. ಸುಳ್ಳು ಹೇಳಲ್ಲ."

"ಆ ಬೆರಳು ಅಳತೆ ತಗೊಂಡ ನನ್ನ ರವಿಕೇಲಿ ಉಸಿರಾಡಕ್ಕಾಗಲ್ಲ," ಎಂದಳು ಅವಳು.

ಬೆರಳಿನ ಮಾತೇ ನಡೆಯಿತು. ವರ್ಷ ತುಂಬಿತು, ಎರಡನೆಯದೂ ತುಂಬಿತು. ಕೊನೆಗೆ ಚುಚ್ಚುಮದ್ದಿಗೆಂದು ಗಂಡ ಹೆಂಡತಿ ದೊರೆಯನ್ನು ಕರೆದೊಯ್ದಾಗ ವೈದ್ಯೆ ಒತ್ತಿ ನೋಡಿ, "ಇದು ಕೊಬ್ಬಿನ ಉಂಡೆ," ಎಂದರು. ಸ್ಕ್ಯಾನ್ ಮಾಡಿದರೆ ಬೀಜ ಹೊಟ್ಟೆಯೊಳಗೇ, ಮೂತ್ರಕೋಶದ ಪಕ್ಕದಲ್ಲಿತ್ತು.

"ಇನ್ನೂ ಕೆಟ್ಟ ಹಾಗೆ ಕಾಣ್ತಿಲ್ಲ. ಇನ್ನೂ ಅಂದ್ರೆ, ಇವತ್ತಿನವರೆಗೆ."

"ಇಳಿದಿದ್ದನ್ನಾದ್ರೂ ಉಳಿಸಿ, ಮೇಡಂ."

"ಅದನ್ನ ಉಳಿಸಿದ್ರೆ ಹುಟ್ಟೋ ಮರಿಗಳಿಗೂ ಇದೇ ಪಾಡು ಬರಬಹುದು. ಎರಡೂ ತೆಗೆಯೋದು ಒಳ್ಳೇದು."

ಹೆಂಡತಿ ಬಗ್ಗಿ ಪಿಸುಗುಟ್ಟಿದಳು: "ತೆಗೀತಿರೋದು ನಾಯೀದು. ನೀವ್ಯಾಕೆ ಕಾಲು ಜೋಡಿಸ್ಕೊಂಡು ಕೂತಿದ್ದೀರಿ?"

"ಶಾಲೆ ಸಮವಸ್ತ್ರದ ಕೆಲಸ ರಾಶಿ ಬಿದ್ದಿದೆ. ಅದೊಂದು ಮುಗೀಲಿ..."

"ಗುರುವಾರ ಹತ್ತು ಗಂಟೆ ಖಾಲಿ ಇದೆ," ಎಂದರು ವೈದ್ಯೆ. "ಆಮೇಲೆ ನಿಮ್ಮಿಷ್ಟ."

ಬೈದಿದ್ದರೆ ಎದುರುತ್ತರ ಕೊಡಬಹುದಿತ್ತು. ಅವರು ಬೈಯಲಿಲ್ಲ. ದೊರೆ ತನ್ನ ಗದ್ದವನ್ನು ಅವನ ಮೊಣಕಾಲ ಮೇಲಿಟ್ಟು ನಿಂತಿತ್ತು. ಪ್ಯಾಂಟು ತಡವಾಯಿತೆಂದು ಇಷ್ಟು ವರ್ಷದಲ್ಲಿ ಯಾರೂ ಸತ್ತಿರಲಿಲ್ಲ. ಇದು ಪ್ಯಾಂಟಲ್ಲ.

"ಗುರುವಾರ," ಎಂದ.

ಗುರುವಾರ ದೊರೆಯನ್ನು ಒಳಗೆ ಕರೆದೊಯ್ದರು. ಅದು ವಾಕಿಂಗಿಗೆ ಹೊರಟಂತೆ ಬಾಲ ಅಲ್ಲಾಡಿಸುತ್ತ ಹೋಯಿತು, ತಿರುಗಿಯೂ ನೋಡಲಿಲ್ಲ. ದರ್ಜಿ ಅದರ ಬಿಚ್ಚಿದ ಕೊರಳಪಟ್ಟಿ ಹಿಡಿದು ಬೆಂಚಿನ ಮೇಲೆ ಕೂತ.

"ಅಂಗಡಿಗೆ ಹೋಗಿ. ಎಚ್ಚರ ಆದ್ಮೇಲೆ ಫೋನ್ ಮಾಡ್ತಾರಂತೆ," ಎಂದಳು ಹೆಂಡತಿ.

"ಎಚ್ಚರ ಆದಾಗ ಯಾರಾದ್ರೂ ಇರಬೇಕಲ್ಲ," ಎಂದು ಅವನು ಗೋಡೆಗೆ ತಲೆಯಾನಿಸಿದ.