ಕೊನೆಯ ಸಾ

ವಿಜಯಪುರದಲ್ಲಿ ನನಗೆ ಕ್ಲಾರಿಯೋನೆಟ್ ಕಲಿಸಿದ ಉಸ್ತಾದರದು ಒಂದು ವಿಚಿತ್ರ ಹಟ. ಭೈರವಿ ಮುಗಿಸುವಾಗ ನಾನು ರಿಷಭದಲ್ಲೇ ನಿಲ್ಲಬೇಕು, ಕೊನೆಯ ಸಾ ಅವರೇ ಊದಬೇಕು. "ಅದು ನಂದು ಲೇ. ನಿನ್ನ ಉಸುರು ಇನ್ನಾ ಮಾಗಿಲ್ಲ" ಅನ್ನುತ್ತಿದ್ದರು. ಕಚೇರಿಗಳಲ್ಲೂ ನನ್ನ ಎಡಕ್ಕೆ ಕೂತು ಹಾಗೇ ಮಾಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವರು ತೀರಿಕೊಂಡ ಮೇಲಿನ ಮೊದಲ ಕಚೇರಿ ತಿಕೋಟಾದ ಒಂದು ಮನೆಯ ಪಡಸಾಲೆಯಲ್ಲಿ, ಮಟಮಟ ಮಧ್ಯಾಹ್ನ. ಇವತ್ತು ಸಾ ನನ್ನದೇ ಎಂಬ ಹುರುಪಿನಲ್ಲಿ ಕೂತಿದ್ದೆ. ನಡುವೆ ಕರೆಂಟು ಹೋಗಿ ತಂಬೂರಿ ಪೆಟ್ಟಿಗೆ ಸುಮ್ಮನಾಯಿತು. ನಾನು ನುಡಿಸುತ್ತಲೇ ಹೋದೆ. ಆದರೆ ಭೈರವಿ ಮುಗಿಯುವಾಗ ಹಾಳು ರೂಢಿ, ರಿಷಭದಲ್ಲೇ ನಿಂತು ವಾದ್ಯವನ್ನು ತುಟಿಯಿಂದ ತೆಗೆದುಬಿಟ್ಟೆ.

ಛೇ ಅಂದುಕೊಳ್ಳುವಷ್ಟರಲ್ಲಿ ಎಡಗಡೆಯಿಂದ ಸಾ ಬಂತು. ಉದ್ದಕ್ಕೆ ನಿಂತು, ನಿಧಾನಕ್ಕೆ ಆರಿತು. ತಿರುಗಿ ನೋಡಿದರೆ ಬರೀ ಜಮಖಾನೆ.

ಮನೆಯ ಯಜಮಾನರು ಬಂದು ನನ್ನ ಕೈ ಹಿಡಿದುಕೊಂಡರು. "ಕೊನೀ ಸಾ ಭಾಳ ಚಲೋ ಹಚ್ಚಿದ್ರಿ. ಉಳಿದದ್ದಕ್ಕ ಇನ್ನಾ ಸ್ವಲ್ಪ ರಿಯಾಜ್ ಬೇಕ್ರಿ."

ಉಸ್ತಾದರು ಇದ್ದಾಗಲೂ ಜನ ಇದನ್ನೇ ಅನ್ನುತ್ತಿದ್ದರು. ಸತ್ತ ಮೇಲಾದರೂ ಆ ಒಂದು ಸಾ ಬಿಟ್ಟುಕೊಡಬಾರದೇ, ಪುಣ್ಯಾತ್ಮ!